ಹೊಟ್ಟೆಯಿಲ್ಲದ ಹಡಗು

ಸ್ಟ್ರಾಮ್‌ನೆಸ್ ಬಂದರಿನ ಹಿಂದೆ, ಒಂದು ಕಾಲಕ್ಕೆ ಬಲೆ ಹೆಣೆಯುತ್ತಿದ್ದ ಅಟ್ಟ.
ಈಗ ಗುರುವಾರಕ್ಕೊಮ್ಮೆ ನಮ್ಮ ಉತ್ತರ ಸಮುದ್ರ.
ಎರಡು ಮೇಜು ಕೂಡಿಸಿ, ನೀಲಿ ಬಟ್ಟೆ ಹಾಸಿ,
ಅಂಗೈಯಿಂದ ಸುಕ್ಕು ಸವರುತ್ತಾಳೆ ಡೇವಿನಾ ಲಿಂಕ್ಲೇಟರ್.
ಮೂವತ್ತೊಂದು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿದವಳು.
ಅಲೆಯೆಂದರೆ ಆಗದು ಅವಳಿಗೆ,
ಅಳತೆಪಟ್ಟಿ ಅಲುಗುತ್ತದಂತೆ.

ಹಡಗುಗಳ ಉದ್ದ ಕಿರುಬೆರಳಿನಷ್ಟು.
ಗೋಪುರ ಸಾಸಿವೆ, ತೋಪು ಕೂದಲೆಳೆ.
ಜರ್ಮನ್ ಬೂದಿಗೊಂದು ಡಬ್ಬಿ, ಇಂಗ್ಲಿಷ್ ಬೂದಿಗೊಂದು;
ಕಿಟಕಿಯಾಚೆಯ ಆಕಾಶ ಎರಡಕ್ಕೂ ಒಗ್ಗುವುದಿಲ್ಲ.

ಮುಳುಗುವವರಿಗೆ ನಾನು ಹೇಳುತ್ತಿದ್ದ ಮೊದಲ ಪಾಠ:
ಉಸಿರು ಹಿಡಿಯಬೇಡಿ, ಏನೇ ಆಗಲಿ.
ಮೂರು ಸೊನ್ನೆಯ ಕುಂಚ ಕಲಿಸಿದ ಮೊದಲ ಪಾಠ:
ಹಿಡಿ.
ಎರಡು ಎದೆಬಡಿತದ ನಡುವೆ ಒಂದು ಹೊಗೆಕೊಳವೆಯ ಅಂಚು.
ಅರವತ್ತೆಂಟರಲ್ಲಿ ಹೊಸದಾಗಿ ಉಸಿರಾಡಲು ಕಲಿಯುತ್ತಿದ್ದೇನೆ,
ಕನ್ನಡಕದ ಮೇಲೊಂದು ಭೂತಗನ್ನಡಿ ಕಟ್ಟಿಕೊಂಡು.

ಇವತ್ತು ನನ್ನ ಕೈಯಲ್ಲಿರುವುದು ಮಾರ್ಕ್‌ಗ್ರಾಫ್.

ಇಲ್ಲಿಂದ ಅದು ದೂರವೇನಿಲ್ಲ.
ಸ್ಕಾಪಾ ಫ್ಲೋ, ನಲವತ್ತೈದು ಮೀಟರ್ ಕೆಳಗೆ.
ಹತ್ತೊಂಬತ್ತರ ಜೂನಿನಲ್ಲಿ ತನ್ನ ನಾವಿಕರೇ ಕವಾಟ ತೆರೆದು
ಮಲಗಿಸಿದ ಹಡಗು; ಮಗ್ಗುಲಾಗಿ, ಆಮೇಲೆ ಬೋರಲಾಗಿ.
ಇಪ್ಪತ್ತಾರು ಬೇಸಿಗೆ ಜನರನ್ನು ಕರೆದೊಯ್ದು ತೋರಿಸಿದ್ದೇನೆ,
ಎಡಗಿವಿ ಸಾಯುವ ತನಕ.
ನಾನು ಮುಟ್ಟಿದ್ದೆಲ್ಲ ಅದರ ಹೊಟ್ಟೆಯನ್ನೇ.
ಗದ್ದೆಯಷ್ಟು ಅಗಲದ ಉಕ್ಕು, ಅದರ ಮೇಲೆ ಬಿಳಿ, ಕಿತ್ತಳೆ
ಮೆತ್ತನೆಯ ಹವಳ.
ಸತ್ತವರ ಬೆರಳು ಎನ್ನುತ್ತೇವೆ ನಮ್ಮ ಕಡೆ.
ತೋಪು, ಸೇತುವೆ, ಧ್ವಜಗಂಬ
ಕೆಸರಿನೊಳಗೆ ಮುಖ ಮುಚ್ಚಿಕೊಂಡಿದ್ದವು.

ಮೇಜಿನ ಮೇಲಿನದಕ್ಕೆ ತೋಪಿದೆ, ಸೇತುವೆಯಿದೆ;
ನೀರಿನ ಗೆರೆಗೇ ಕತ್ತರಿಸಿ ಎರಕ ಹೊಯ್ದಿದ್ದಾರೆ.
ಹೊಟ್ಟೆಯಿಲ್ಲ.
ನನಗೆ ಗೊತ್ತಿದ್ದ ಅರ್ಧ ಇಲ್ಲಿಲ್ಲ,
ಇಲ್ಲಿರುವ ಅರ್ಧವನ್ನು ನಾನು ಕಂಡಿಲ್ಲ.

ಆಟ ಏಳಕ್ಕೆ ಶುರು.
ಕಡ್ಡಿಯ ತುದಿಯಲ್ಲಿ ಒಂದು ಜೆಪ್ಪೆಲಿನ್;
ಇವತ್ತು ಮಂಜಿನ ನಿಯಮ, ಅದು ಹಾರುವಂತಿಲ್ಲ,
ಬಿಸ್ಕತ್ತಿನ ತಟ್ಟೆಯ ಪಕ್ಕ ಸುಮ್ಮನೆ ನಿಂತಿದೆ.
ಬೇಕರಿಯ ಹುಡುಗ ಟಾರ್ಕಿಲ್ ದಾಳ ಕುಲುಕಿ
ಎರಡು ಆರು ಕೆಡವಿದ. 'ಮದ್ದಿನ ಕೋಣೆ!' ಎಂದು ಕುಣಿದ.
ಇಂಗ್ಲಿಷರದೊಂದು ದೊಡ್ಡ ಹಡಗು.
ಹೊಗೆಗೆ ಹತ್ತಿ ಇಟ್ಟೆವು.

ಇಲ್ಲಿ ಡೇವಿನಾಳದೊಂದು ಕಟ್ಟಳೆಯಿದೆ, ನಿಯಮದ ಪುಸ್ತಕದಲ್ಲಿಲ್ಲದ್ದು:
ಹಡಗನ್ನು ಮೇಜಿನಿಂದ ಎತ್ತುವ ಮೊದಲು
ಅದರಲ್ಲಿ ಎಷ್ಟು ಜನರಿದ್ದರೆಂದು ಓದಬೇಕು.
ಹಾಜರಿ ಕರೆಯುವ ಧ್ವನಿಯಲ್ಲಿ ಓದಿದಳು.
ಬಿಸ್ಕತ್ತಿಗೆ ಚಾಚಿದ ಟಾರ್ಕಿಲನ ಕೈ
ತಟ್ಟೆಯ ಮೇಲೆ ಹಾಗೇ ನಿಂತಿತು.
ಆಮೇಲೆ ತೆಗೆದುಕೊಂಡ. ಹಸಿವಿತ್ತು ಪಾಪ.

'ನಿನ್ನ ಸರದಿ,' ಎಂದಳು ನನ್ನ ಬಲಗಿವಿಯ ಕಡೆ ಬಂದು,
'ಮಾರ್ಕ್‌ಗ್ರಾಫ್ ಹನ್ನೆರಡು ಅಂಗುಲ, ಬಲಕ್ಕೆ ತಿರುಗಲಿ.'
ಎತ್ತಿದೆ. ಏಳಲಿಲ್ಲ.
ಎಳೆದೆ. ಸಮುದ್ರವೇ ಅದರ ಜೊತೆ ಎದ್ದು ಬಂತು,
ಎರಡು ಕ್ರೂಸರ್ ಉರುಳಿದವು, ಅಳತೆಪಟ್ಟಿ ಜಾರಿತು.
'ಏನು ಮೆತ್ತಿದ್ದೀಯ ಇದಕ್ಕೆ?'

ಹೇಳಬೇಕಾಯಿತು.
ನಿನ್ನೆ ರಾತ್ರಿ ಎಲ್ಲ ಮುಗಿದ ಮೇಲೆ ತಿರುಗಿಸಿ,
ಯಾರೂ ನೋಡದ ಆ ಚಪ್ಪಟೆ ಬದಿಗೆ
ಕಿತ್ತಳೆ ಚುಕ್ಕೆ ಇಟ್ಟಿದ್ದೆ, ಒಂದಿಷ್ಟು ಬಿಳಿ ಕೂಡ.
ಒಣಗಲು ಹೊತ್ತು ಸಾಲಲಿಲ್ಲ.

ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದಳು.
'ಹೆಚ್ಚೇ ಇಟ್ಟಿದ್ದೀಯ,' ಎಂದಳು. 'ವೇಗ ಎರಡು ಅಂಗುಲ ಕಡಿಮೆ.'
ಹತ್ತು ಅಂಗುಲ ಸರಿಸಿದೆ.

ಬಟ್ಟೆಯ ಮೇಲೆ ಹಡಗು ನಿಂತಿದ್ದಲ್ಲಿ ಒಂದು ಕಲೆ ಉಳಿದಿದೆ.
ಒಗೆದರೂ ಹೋಗಿಲ್ಲ.
ಮುಂದಿನ ಗುರುವಾರದಿಂದ ಅದನ್ನು
ಆಳವಿಲ್ಲದ ನೀರೆಂದು ಎಣಿಸಬೇಕೆಂದು
ಟಾರ್ಕಿಲ್ ವಾದಿಸುತ್ತಿದ್ದಾನೆ.